ಕುಂಡದಲ್ಲಿ ಬೇಕಾದಷ್ಟಿದೆ, ಬಂಡೆ ಮೇಲಿಲ್ಲ

ಹವಾಯಿಯ ಕೌವಾಯಿ ದ್ವೀಪದಲ್ಲಿ ಕಡಲಿಗೆ ನೆಟ್ಟಗೆ ಇಳಿಯುವ ಬಂಡೆಗಳಿವೆ. ಅವುಗಳ ಬಿರುಕಿನಲ್ಲಿ ಬೆಳೆಯುತ್ತಿದ್ದ ಗಿಡ ಅಲುಲಾ. ಬುಡ ದಪ್ಪ, ತುದಿಯಲ್ಲಿ ಎಲೆಗಳ ಗುಚ್ಛ. ದೊಣ್ಣೆಗೆ ಎಲೆಕೋಸು ಸಿಕ್ಕಿಸಿದ ಹಾಗೆ ಕಾಣುತ್ತದೆ. ತಿಳಿಹಳದಿ ಹೂವಿನ ಕೊಳವೆ ಬಲು ಉದ್ದ. ಅಷ್ಟುದ್ದದ ನಾಲಿಗೆಯ ಪತಂಗವೊಂದು ಪರಾಗ ಸಾಗಿಸುತ್ತಿತ್ತು ಅಂತ ಊಹೆ. ಅದರ ಸುಳಿವೇ ಇಲ್ಲ.

ಪತಂಗದ ಕೆಲಸವನ್ನು ಮನುಷ್ಯರೇ ಮಾಡಬೇಕಾಯಿತು. 1970ರ ದಶಕದಿಂದ ಸ್ಟೀವ್ ಪರ್ಲ್‌ಮನ್‌ರಂಥ ಸಸ್ಯತಜ್ಞರು ಹಗ್ಗ ಕಟ್ಟಿಕೊಂಡು ಬಂಡೆ ಇಳಿದರು. ಬ್ರಷ್ಷಿನಿಂದ ಹೂವಿಗೆ ಪರಾಗ ಹಚ್ಚಿದರು, ಬೀಜ ತಂದರು. 1992ರಲ್ಲಿ ಇನಿಕಿ ಚಂಡಮಾರುತ ಬಡಿದು ಉಳಿದ ಗಿಡಗಳಲ್ಲೂ ಬಹಳಷ್ಟು ಹೋದವು. 2014ರ ಹೊತ್ತಿಗೆ ಬಂಡೆ ಮೇಲೆ ಕಂಡದ್ದು ಒಂದೇ ಒಂದು.

ಅತ್ತ ಯೂರೋಪಿನ ನರ್ಸರಿಗಳಲ್ಲಿ ಇದೇ ಗಿಡ ಮನೆಯೊಳಗಿನ ಅಲಂಕಾರಕ್ಕೆ ಮಾರಾಟವಾಗುತ್ತಿತ್ತು! ಹಾಗಿದ್ದರೆ ಚಿಂತೆ ಯಾಕೆ, ಅಲ್ವಾ?

ಒಂದೇ ತಾಯಿಯ ಮಕ್ಕಳು ಎಷ್ಟಿದ್ದರೇನು? ಒಂದು ಗಿಡ ನೂರಾರು ಬೀಜ ಕೊಡುತ್ತದೆ. ತೋಟದವರು ಸ್ನೇಹಕ್ಕೆ ಹಂಚಿಕೊಳ್ಳುತ್ತಾರೆ. ಯಾವ ಗಿಡದ ಬೀಜ ಅಂತ ಬರೆದ ಚೀಟಿ ದಾರಿಯಲ್ಲಿ ಕಳೆದುಹೋಗುತ್ತದೆ. ಆಮೇಲೆ ಅಣ್ಣ-ತಂಗಿ ಗಿಡಗಳನ್ನೇ ಕೂಡಿಸಿದರೆ ಪೀಳಿಗೆ ಸೊರಗುತ್ತದೆ.

ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಒಕ್ಕೂಟ ಬಿಜಿಸಿಐ 1987ರಲ್ಲೇ ಹುಟ್ಟಿತು. ಯಾವ ತೋಟಗಳಲ್ಲಿ ಯಾವ ಗಿಡಗಳಿವೆ ಎಂಬ ಪಟ್ಟಿಯನ್ನೂ ಮಾಡಿತು. ಆದರೆ ಗಿಡ ಯಾರ ಮಗು ಅಂತ ಆ ಪಟ್ಟಿ ಹೇಳುವುದಿಲ್ಲ. ಈ ವಿಷಯದಲ್ಲಿ ಮೃಗಾಲಯಗಳು ಎಷ್ಟೋ ಮುಂದಿದ್ದವು. ಯೂರೋಪಿನ ಬೈಸನ್‌ಗೆ 1932ರಲ್ಲೇ ವಂಶಾವಳಿ ಪುಸ್ತಕ ಬಂದಿತ್ತು. ನಮ್ಮ ಮೈಸೂರು ಮೃಗಾಲಯ ಬೇರೆ ಮೃಗಾಲಯಗಳ ಜತೆ ಪ್ರಾಣಿ ವಿನಿಮಯ ಮಾಡಿಕೊಂಡ ಸುದ್ದಿ ಓದುತ್ತೇವಲ್ಲ, ಯಾವ ಪ್ರಾಣಿಗೆ ಯಾವುದು ನೆಂಟ ಅಂತ ನೋಡಿಕೊಳ್ಳುವುದು ಅಲ್ಲೂ ಮುಖ್ಯ.

ಶಿಕಾಗೊ ಸಸ್ಯೋದ್ಯಾನದವರು ಈ ಉಪಾಯವನ್ನು ಅಲುಲಾಕ್ಕೆ ತಂದರು. ಬೇರೆ ಬೇರೆ ತೋಟಗಳ ಗಿಡಗಳ ಡಿಎನ್‌ಎ ಪರೀಕ್ಷಿಸಿದರು. ಯಾವುದಕ್ಕೆ ಯಾವುದು ದೂರದ ನೆಂಟ ಅಂತ ಲೆಕ್ಕ ಹಾಕಲು ಮೃಗಾಲಯದವರ ಸಾಫ್ಟ್‌ವೇರನ್ನೇ ಬಳಸಿದರು. ಆನೆ ಕಳಿಸುವಷ್ಟು ಕಷ್ಟ ಇಲ್ಲಿಲ್ಲ. ಗಿಡ ಇದ್ದಲ್ಲೇ ಇರುತ್ತದೆ, ಪರಾಗವನ್ನು ಪೊಟ್ಟಣ ಕಟ್ಟಿ ಕಳಿಸಿದರೆ ಆಯಿತು. ಆದರೆ ಪೊಟ್ಟಣದ ಮೇಲೆ ಯಾವ ಗಿಡದ್ದು ಅಂತ ಬರೆದಿರಬೇಕು.