ಗುಂಗುರು ಕೂದಲಿನ ಮಗುವಿಗೆ ದಿನವೂ ತಲೆ ಬಾಚಬೇಕೇ?

ಪ್ರಶ್ನೆ: ನಾನು ಬೆಂಗಳೂರಿನವಳು, ನನ್ನ ಪತಿ ಘಾನಾ ದೇಶದವರು. ನಮ್ಮ 4 ವರ್ಷದ ಮಗಳಿಗೆ ತಂದೆಯಂತೆಯೇ ದಟ್ಟವಾದ ಗುಂಗುರು ಕೂದಲು. ದಿನವೂ ಎಣ್ಣೆ ಹಚ್ಚಿ ಬಾಚಿದರೂ ಸಿಕ್ಕು ತಪ್ಪುವುದಿಲ್ಲ, ಬಾಚಣಿಗೆ ಕಂಡರೆ ಸಾಕು ಅಳುತ್ತಾಳೆ. ಇನ್ನೊಮ್ಮೆ ತಲೆ ಬೋಳಿಸಿದರೆ ಕೂದಲು ನೆಟ್ಟಗೆ ಬರುತ್ತದೆ ಎಂದು ಅಮ್ಮ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಬೋಳಿಸಬೇಡಿ. ಕೂದಲಿನ ಸುರುಳಿ ತೀರ್ಮಾನವಾಗುವುದು ಚರ್ಮದ ಒಳಗೆ, ಕೂದಲು ಹುಟ್ಟುವ ಬುಡದಲ್ಲಿ. ಆ ಬುಡವೇ ಬಾಗಿದ್ದರೆ ಅಲ್ಲಿಂದ ಬರುವ ಎಳೆಯೂ ಸುರುಳಿಯಾಗಿಯೇ ಬರುತ್ತದೆ, ಕ್ಷೌರದ ಕತ್ತಿ ಅಲ್ಲಿಗೆ ಮುಟ್ಟುವುದಿಲ್ಲ. ಚೌಲದ ನಂತರ ಎಷ್ಟೋ ಮಕ್ಕಳ ಕೂದಲು ಬೇರೆಯಾಗಿ ಕಾಣುತ್ತದೆ ನಿಜ, ಆದರೆ ಹಸುಗೂಸಿನ ನವಿರು ಕೂದಲು ವಯಸ್ಸಿನೊಂದಿಗೆ ತಾನಾಗಿಯೇ ಬದಲಾಗುವಂಥದ್ದು. ಇಂಥ ಕೂದಲು ನಮ್ಮ ನಾಡಿಗೆ ಹೊಸದೂ ಅಲ್ಲ: ಯಲ್ಲಾಪುರ, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮನೆಗಳಲ್ಲಿ ತಾಯಂದಿರು ತಲೆಮಾರುಗಳಿಂದ ಇದನ್ನು ಹೆಣೆಯುತ್ತ ಬಂದಿದ್ದಾರೆ.

ಇನ್ನು ಬಾಚುವ ವಿಷಯ. ದಿನವೂ ಬಾಚಬೇಕಿಲ್ಲ, ಒಣಗಿದ್ದಾಗಲಂತೂ ಬಾಚಲೇಬಾರದು. ನೆಟ್ಟಗಿನ ಕೂದಲಿನಲ್ಲಿ ನೆತ್ತಿಯ ಜಿಡ್ಡು ಎಳೆಯುದ್ದಕ್ಕೂ ಇಳಿದು ತುದಿಯವರೆಗೆ ತಲುಪುತ್ತದೆ, ಗುಂಗುರು ಕೂದಲಿನಲ್ಲಿ ಪ್ರತಿ ತಿರುವಿನಲ್ಲೂ ಅದು ತಡೆಯುತ್ತದೆ. ಹೀಗಾಗಿ ತುದಿಗಳು ಸ್ವಭಾವತಃ ಒಣಗಿರುತ್ತವೆ, ಒಣಗಿದ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ಆ ಸಿಕ್ಕನ್ನು ಎಳೆದರೆ ತುಂಡಾಗುತ್ತವೆ. ನಾವು ಅದಕ್ಕೆ ಎಣ್ಣೆಯೇ ಮದ್ದು ಎಂದು ನಂಬಿ ಬೆಳೆದವರು. ಕೊಬ್ಬರಿ ಎಣ್ಣೆ ಎಳೆಯ ಒಳಗೂ ಇಳಿದು, ತೊಳೆಯುವಾಗ ಆಗುವ ಸವೆತವನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಸ್ನಾನಕ್ಕೆ ಮುಂಚೆ ಹಚ್ಚುವ ರೂಢಿ ಒಳ್ಳೆಯದೇ. ಆದರೆ ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ ಅಷ್ಟೆ. ತೇವ ಉಳಿಯಬೇಕಾದರೆ ನೀರು ಮೊದಲು, ಎಣ್ಣೆ ಆಮೇಲೆ.

ವಾರಕ್ಕೊಮ್ಮೆ ತಲೆಗೆ ನೀರು ಹಾಕಿದರೆ ಸಾಕು. ಸೌಮ್ಯವಾದ ಶಾಂಪೂವನ್ನು ನೆತ್ತಿಗೆ ಮಾತ್ರ ಹಚ್ಚಿ. ಸೀಗೆಪುಡಿಯನ್ನು ನಾನು ಹೇಳುವುದಿಲ್ಲ, ಅದರ ತರಿ ಸುರುಳಿಗಳಲ್ಲಿ ಸೇರಿಕೊಂಡರೆ ತೆಗೆಯುವುದು ಮಗುವಿಗೆ ಇನ್ನೊಂದು ಶಿಕ್ಷೆ. ಬಳಿಕ ಕಂಡಿಷನರನ್ನು ಧಾರಾಳವಾಗಿ ಹಚ್ಚಿ. ಅಜ್ಜಿಯರು ಕಿವುಚುತ್ತಿದ್ದ ದಾಸವಾಳದ ಎಲೆಯ ಲೋಳೆಯೂ ಎಳೆಗಳನ್ನು ಜಾರುವಂತೆ ಮಾಡುತ್ತದೆ, ಬಟ್ಟೆಯಲ್ಲಿ ಸೋಸಿಕೊಂಡರಾಯಿತು. ಕೂದಲನ್ನು ಆರು ಭಾಗ ಮಾಡಿ, ಒಂದೊಂದನ್ನೇ ಕೈಗೆ ತೆಗೆದುಕೊಂಡು, ಮೊದಲು ಬೆರಳಿನಿಂದ, ನಂತರ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಲ್ಲಿ ಶುರುಮಾಡಿ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬನ್ನಿ. ಸಿಕ್ಕಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರೆ ಎಳೆತ ನೆತ್ತಿಗೆ ತಾಗುವುದಿಲ್ಲ. ನಿಮ್ಮ ಮಗಳ ಅಳು ನಿಲ್ಲಿಸುವುದು ಬಹುಶಃ ಈ ಒಂದು ಹಿಡಿತವೇ. ಒಂದೇ ತಲೆಯಲ್ಲಿ ಹಣೆಯ ಬಳಿ ಸಡಿಲ ಸುರುಳಿ, ಕತ್ತಿನ ಬಳಿ ಬಿಗಿ ಸುರುಳಿ ಇರಬಹುದು. ಬಿಗಿ ಇರುವಲ್ಲಿ ಹೆಚ್ಚು ಹೊತ್ತು ಕೊಡಿ. ಟವೆಲಿನಲ್ಲಿ ಉಜ್ಜದೆ ಹಳೆಯ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ.

ನಿಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರಾದರೆ ಇನ್ನೊಂದು ಎಚ್ಚರ ಬೇಕು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶಗಳು ಕೂದಲಿನ ಮೇಲೆ ಕೂತು ಅದನ್ನು ಒರಟಾಗಿಸುತ್ತವೆ. ಕಡೆಯ ಎರಡು ಚೊಂಬು ಕಾವೇರಿ ನೀರೋ ಶುದ್ಧೀಕರಿಸಿದ ಕುಡಿಯುವ ನೀರೋ ಆಗಿರಲಿ. ಫೆಬ್ರುವರಿ, ಮಾರ್ಚಿನ ಒಣ ಹವೆಯಲ್ಲಿ ಬೆಳಿಗ್ಗೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ, ಬೆರಳಲ್ಲೇ ಸರಿಪಡಿಸಿದರೆ ಸಾಕು.

ಹೆಣೆಯುವ ಬಗೆಯನ್ನು ಪತಿಯ ಮನೆಯವರಿಂದಲೇ ಕೇಳಿ ಕಲಿಯಿರಿ. ಘಾನಾದ ಉತ್ತರ ಭಾಗದ ಶಿಯಾ ಬೆಣ್ಣೆಯನ್ನು (ಶಿಯಾ ಮರದ ಬೀಜದಿಂದ ತೆಗೆಯುವ ಜಿಡ್ಡು) ಒದ್ದೆ ಕೂದಲಿಗೆ ತೆಳುವಾಗಿ ಸವರಿದರೆ ತೇವ ನಿಲ್ಲುತ್ತದೆ. ಕೂದಲಿಗೆ ದಾರ ಸುತ್ತಿ, ಬಿಸಿ ತಾಗಿಸದೆಯೇ ಉದ್ದಕ್ಕೆ ಹಿಗ್ಗಿಸುವ ವಿದ್ಯೆ ಪಶ್ಚಿಮ ಆಫ್ರಿಕಾದಲ್ಲಿ ಹಳೆಯದು. ನೀವು ಎರಡೆಳೆಯ ಹುರಿಯಿಂದ ಆರಂಭಿಸಬಹುದು: ಎರಡು ಎಳೆಗಳನ್ನು ಒಂದರ ಮೇಲೊಂದು ಸುತ್ತುವುದಷ್ಟೆ, ಒಂದು ವಾರ ಬಿಚ್ಚಬೇಕಿಲ್ಲ. ಶಾಲೆಗೆ ಎರಡು ಜಡೆ ಬೇಕೆಂದರೆ ಆ ಹುರಿಗಳನ್ನೇ ಬೈತಲೆಯ ಎರಡೂ ಕಡೆ ಸೇರಿಸಿ ರಿಬ್ಬನ್ ಕಟ್ಟಿ. ಬಿಗಿಯಾಗಿ ಮಾತ್ರ ಬೇಡ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಎದ್ದರೆ, ಮಗು ನೋವೆಂದರೆ, ತಕ್ಷಣ ಸಡಿಲಿಸಿ; ತಿಂಗಳುಗಟ್ಟಲೆ ಎಳೆತ ಮುಂದುವರಿದರೆ ಅಲ್ಲಿ ಕೂದಲು ಉದುರಿ ಮತ್ತೆ ಹುಟ್ಟದೆಯೂ ಹೋಗಬಹುದು. ಕೂದಲು ನೇರಮಾಡುವ ರಾಸಾಯನಿಕಗಳು ಎಳೆಯ ನೆತ್ತಿಯನ್ನು ಸುಡಬಲ್ಲವು, ಅವುಗಳ ಯೋಚನೆಯೇ ಬೇಡ. ಹತ್ತಿಯ ದಿಂಬು ತೇವ ಹೀರುವುದರಿಂದ ಸ್ಯಾಟಿನ್ ಹೊದಿಕೆ ಹಾಕಿ, ಅಥವಾ ಜರಿಯಿಲ್ಲದ ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಹೊಲಿಸಿಕೊಳ್ಳಿ.

ಅಮ್ಮನ ಮಾತಿನಿಂದ ಬೇಸರಪಡಬೇಡಿ, ಮೊಮ್ಮಗಳ ತಲೆಯ ಚಿಂತೆ ಅವರಿಗೂ ಇದೆ. ಆದರೆ ‘ಇವಳ ಕೂದಲು ಸರಿಯಿಲ್ಲ’ ಎಂಬ ಮಾತು ಮಗುವಿನ ಕಿವಿಗೆ ಬೀಳದಂತೆ ಒಬ್ಬರೇ ಇದ್ದಾಗ ಅವರೊಡನೆ ಮಾತಾಡಿ. ಶನಿವಾರ ಸಂಜೆ ಎಣ್ಣೆ ಹಚ್ಚುವ ಕೆಲಸ ಅವರಿಗೇ ಇರಲಿ, ನೆತ್ತಿ ತಟ್ಟಿ ಎಣ್ಣೆ ಇಳಿಸುವುದು ಅವರ ಕೈಗೆ ಬಂದಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ. ಬಾಚಣಿಗೆ ಮಾತ್ರ ಭಾನುವಾರ, ಬಚ್ಚಲುಮನೆಯಲ್ಲಿ ಕೂದಲು ಪೂರ್ತಿ ನೆನೆದ ಮೇಲೆ ಹೊರಬರಲಿ.