ಪದ ಪರಿಚಯ: ಪ್ರವಾದನಾ ವರ ಮತ್ತು ಅದರಲ್ಲಿ ಬೆಳೆಯುವ ಬಗೆ

‘ಪ್ರವಾದನೆ’ ಎಂದ ಕೂಡಲೇ ನಮ್ಮ ಕ್ರೈಸ್ತ ಸಭೆಗಳಲ್ಲಿ ಬಹುಮಂದಿಗೆ ಭವಿಷ್ಯವೇ ನೆನಪಾಗುತ್ತದೆ. ವೀಸಾ ಸಿಗುತ್ತದೆಯೇ, ಮದುವೆ ಕೂಡಿಬರುತ್ತದೆಯೇ, ಬರುವ ವರ್ಷ ಹೇಗಿದೆ ಎಂದು ಕೇಳಿ ತಿಳಿಯಲು ‘ಪ್ರವಾದಿಗಳು’ ಬಂದಿರುವ ಕೂಟಕ್ಕೆ ಜನ ಮುಗಿಬೀಳುತ್ತಾರೆ. ಬೈಬಲಿನ ಹೊಸ ಒಡಂಬಡಿಕೆಯ ಕಾಲದ ಸಭೆಗಳಲ್ಲಿ ಮುಂದಾಗುವುದನ್ನು ತಿಳಿಸುವುದು ಈ ವರದ ಒಂದು ಸಣ್ಣ ಭಾಗ ಮಾತ್ರವಾಗಿತ್ತು. ಪವಿತ್ರಾತ್ಮನು ಒಬ್ಬ ವಿಶ್ವಾಸಿಯ ಮನಸ್ಸಿಗೆ ತಂದದ್ದನ್ನು ಆ ವಿಶ್ವಾಸಿ ತನ್ನ ಮಾತಿನಲ್ಲಿ ಸಭೆಗೆ ಮುಟ್ಟಿಸುವುದೇ ಪ್ರವಾದನೆ. ಅದರ ಉದ್ದೇಶವನ್ನು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14:3ರಲ್ಲಿ ಬಿಡಿಸಿ ಹೇಳುತ್ತಾನೆ: ಭಕ್ತಿವೃದ್ಧಿ, ಪ್ರೋತ್ಸಾಹ, ಸಂತೈಸುವಿಕೆ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಬರುವ ಯೂದ ಮತ್ತು ಸೀಲ ಇಬ್ಬರೂ ಪ್ರವಾದಿಗಳು. ಅಂತಿಯೋಕ್ಯದಲ್ಲಿ ಅವರು ಮಾಡಿದ ಕೆಲಸವೆಂದರೆ, ಗೊಂದಲದಲ್ಲಿದ್ದ ಸಹೋದರರೊಂದಿಗೆ ಬಹಳ ಮಾತಾಡಿ ಅವರನ್ನು ದೃಢಪಡಿಸಿದ್ದು.

ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಮೊದಲ ಸಾರುವವರ ಕಾಲದೊಂದಿಗೆ ಇಂಥ ವರಗಳು ನಿಂತುಹೋದವು ಎಂದು ನಂಬುವ ಸಭೆಗಳೂ ಇವೆ. ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪೆಂತೆಕೋಸ್ತ ಸಭೆಗಳು ಮತ್ತು ಕಥೋಲಿಕರೊಳಗಿನ ಕರಿಸ್ಮಾಟಿಕ್ ಬಳಗದವರು ಇವು ಇಂದಿಗೂ ಇವೆ ಎನ್ನುತ್ತಾರೆ. ನಾನು ಎರಡನೆಯ ನಂಬಿಕೆಯವನು. ಇಲ್ಲಿ ಬರೆಯುತ್ತಿರುವುದು ಆ ನಂಬಿಕೆಯೊಳಗೆ ನಿಂತು.

ದೇವರು ಕೊಡುವ ವರದಲ್ಲಿ ಮನುಷ್ಯ ಬೆಳೆಯುವುದೆಂದರೇನು? ಯಾರಿಗೆ ಯಾವ ವರ ಎಂಬುದು ಪವಿತ್ರಾತ್ಮನ ಚಿತ್ತಕ್ಕೆ ಬಿಟ್ಟದ್ದು. ಆದರೂ ಪ್ರವಾದಿಸುವ ವರವನ್ನು ಆಸಕ್ತಿಯಿಂದ ಅಪೇಕ್ಷಿಸಿರಿ ಎಂದು ಪೌಲನೇ ಹೇಳುತ್ತಾನೆ. ನಂಬಿಕೆಯ ಪ್ರಮಾಣಕ್ಕೆ ತಕ್ಕಂತೆ ಪ್ರವಾದಿಸಬೇಕೆಂದು ರೋಮಾಪುರದವರಿಗೆ ಬರೆಯುತ್ತಾನೆ. ವರದಲ್ಲಿ ಏರಿಳಿತ ಉಂಟು, ಕಲಿಕೆಗೆ ಎಡೆಯುಂಟು ಎಂದು ಇದರಿಂದ ತಿಳಿಯುತ್ತದೆ. ಹಳೆಯ ಒಡಂಬಡಿಕೆಯ ಬಾಲಕ ಸಮುವೇಲನನ್ನೇ ನೋಡಿ. ಶೀಲೋವಿನ ಆಲಯದಲ್ಲಿ ಮಲಗಿದ್ದ ಹುಡುಗ ದೇವರ ಕರೆ ಕೇಳಿ ಮೂರು ಸಲವೂ ಎದ್ದು ಓಡಿದ್ದು ಮುದುಕನಾದ ಯಾಜಕ ಏಲಿಯ ಬಳಿಗೆ. ಸ್ವರ ಯಾರದೆಂದು ಅವನಿಗೆ ತಿಳಿಯಲಿಲ್ಲ. ಗುರುತಿಸಿ ಹೇಳಿಕೊಟ್ಟವನು ಏಲಿ. ಬೆಳಗಾದ ಮೇಲೆ ಇನ್ನೂ ಕಠಿಣವಾದ ಪಾಠ ಕಾದಿತ್ತು: ಬಂದ ಸಂದೇಶ ಏಲಿಯ ಮನೆತನಕ್ಕೇ ವಿರುದ್ಧವಾದದ್ದು. ಹೇಳಲು ಹೆದರಿದ ಹುಡುಗನಿಗೆ, ಒಂದನ್ನೂ ಮರೆಮಾಡಬೇಡ ಎಂದು ಒತ್ತಾಯಿಸಿದವನೂ ಏಲಿಯೇ. ತನ್ನ ವಿರುದ್ಧದ ಮಾತನ್ನೂ ಕೇಳಿಸಿಕೊಳ್ಳಬಲ್ಲ ಹಿರಿಯರ ಬಳಿಯಲ್ಲಿ ಈ ವರ ಬೆಳೆಯುತ್ತದೆ. ಅಂಥ ಹಿರಿಯರು ಇಲ್ಲದೆ ಒಂಟಿಯಾಗಿ ಪ್ರವಾದಿಯಾಗಲು ಹೊರಡುವುದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ.

ಕಲಿಯುವವರು ಮೊದಲು ಬೇರ್ಪಡಿಸಲು ಕಲಿಯಬೇಕಾದ ಸಂಗತಿಗಳು ಮೂರು: ಕಂಡದ್ದು, ಅದರ ಅರ್ಥ, ಅದಕ್ಕೆ ತಕ್ಕ ನಡೆ. ಇದು ಚೆನ್ನಾಗಿ ಕಾಣುವುದು ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದಲ್ಲಿ. ಪೌಲನು ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ ಕೈಸರೈಯದಲ್ಲಿ ಫಿಲಿಪ್ಪನ ಮನೆಯಲ್ಲಿ ಇಳಿದುಕೊಂಡಿದ್ದಾನೆ. ಆ ಮನೆಯಲ್ಲಿ ಪ್ರವಾದಿಸುವ ನಾಲ್ವರು ಹೆಣ್ಣುಮಕ್ಕಳಿದ್ದರು. ಅಲ್ಲಿಗೆ ಯೂದಾಯದಿಂದ ಅಗಬನೆಂಬ ಪ್ರವಾದಿ ಬಂದು, ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನ ಕೈಕಾಲುಗಳನ್ನು ಕಟ್ಟಿಕೊಳ್ಳುತ್ತಾನೆ. ಈ ನಡುಕಟ್ಟಿನವನನ್ನು ಯೆರೂಸಲೇಮಿನಲ್ಲಿ ಹೀಗೆ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸುವರು ಎನ್ನುತ್ತಾನೆ. ಅಷ್ಟೇ. ‘ಹೋಗಬೇಡ’ ಎಂದು ಅಗಬ ಹೇಳಲೇ ಇಲ್ಲ. ಅದನ್ನು ಹೇಳಿದವರು ಕಣ್ಣೀರಿಟ್ಟು ಬೇಡಿಕೊಂಡ ಸುತ್ತಲಿನವರು. ಅದೇ ಸಂದೇಶ ಕೇಳಿದ ಪೌಲ, ಕೈಗೆ ಬೇಡಿ ಬಿದ್ದರೂ ಸರಿ, ಕರ್ತನ ಹೆಸರಿಗಾಗಿ ಸಾಯಲೂ ಸಿದ್ಧ ಎಂದು ಹೊರಟೇಬಿಟ್ಟ. ಸಂದೇಶ ಒಂದೇ, ತೀರ್ಮಾನ ಎರಡು. ನುಡಿದವನು ತೀರ್ಮಾನವನ್ನು ಕೇಳಿದವನಿಗೇ ಬಿಟ್ಟಿದ್ದ.

ನಮ್ಮ ಮನೆಕೂಟಕ್ಕೆ ಬರೋಣ. ತಂಗಿಯೊಬ್ಬಳು ಹಿರಿಯ ಅಕ್ಕನೊಬ್ಬರಿಗಾಗಿ ಪ್ರಾರ್ಥಿಸುತ್ತಿರುವಾಗ ಬೀಗ ಹಾಕಿದ ಮನೆಯೊಂದು ಮನಸ್ಸಿಗೆ ಬಂತು ಎಂದಿಟ್ಟುಕೊಳ್ಳಿ. ಆತುರದವಳಾದರೆ, “ಮನೆ ಮಾರಿಬಿಡಿ ಎಂದು ಕರ್ತನು ಹೇಳುತ್ತಾನೆ” ಎನ್ನುತ್ತಾಳೆ. ಆ ಅಕ್ಕ ಅದನ್ನು ನಂಬಿ ಮಾರಿಬಿಟ್ಟರೆ ಹೊಣೆ ಯಾರದು? ಕಲಿತವಳು ಹೀಗೆ ಹೇಳುತ್ತಾಳೆ: “ಅಕ್ಕಾ, ಪ್ರಾರ್ಥಿಸುವಾಗ ಬೀಗ ಹಾಕಿದ ಮನೆಯೊಂದು ಕಂಡಂತಾಯಿತು. ಅರ್ಥ ನನಗೆ ಗೊತ್ತಿಲ್ಲ. ನಿಮಗೇನಾದರೂ ಹೊಳೆಯುತ್ತದೆಯೇ?” ಆಸ್ತಿಯ ಪಾಲಿನ ಜಗಳದಿಂದ ತವರಿಗೆ ಹೋಗುವುದನ್ನೇ ಬಿಟ್ಟಿರುವ ಅಕ್ಕನಿಗೆ ಅದು ತಮ್ಮನ ಮನೆಯೆಂದು ತಟ್ಟಬಹುದು. ಏನೂ ತಟ್ಟದೆಯೂ ಹೋಗಬಹುದು. ಆಗಲೂ ಯಾರಿಗೂ ಕೆಡುಕಾಗಲಿಲ್ಲ. “ಕರ್ತನು ಹೇಳುತ್ತಾನೆ” ಎಂಬ ಮುದ್ರೆ ಒತ್ತಿದರೆ ಕೇಳುವವರಿಗೆ ಪರೀಕ್ಷಿಸಲು ಜಾಗವೇ ಉಳಿಯುವುದಿಲ್ಲ. ಮದುವೆ, ಮಗು, ಸಾವು, ಹಣ, ತಾರೀಖು ಇವುಗಳ ವಿಚಾರದಲ್ಲಿ ಹೊಸಬರು ಬಾಯಿ ತೆರೆಯಬಾರದು, ಹೇಳಲೇಬೇಕೆನಿಸಿದರೆ ಮೊದಲು ಸಭಾಪಾಲಕರ ಮುಂದಿಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಬಂದದ್ದನ್ನು ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಡುವುದೂ ಒಳ್ಳೆಯದು. ಯಾವುದು ದೇವರಿಂದ ಬಂತು, ಯಾವುದು ನಮ್ಮದೇ ಆಸೆ, ಭಯ ಎಂಬುದು ಕಾಲ ಕಳೆದಂತೆ ಅಲ್ಲಿ ಗೊತ್ತಾಗುತ್ತದೆ.

ತೂಗಿ ನೋಡುವ ಕೆಲಸ ಸಭೆಯದು. ಇಬ್ಬರು ಅಥವಾ ಮೂವರು ಮಾತಾಡಲಿ, ಉಳಿದವರು ವಿವೇಚಿಸಲಿ ಎಂಬುದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 14:29ರ ಅಪ್ಪಣೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಆತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು ಹೀನೈಸಬೇಡಿ ಎಂಬ ಮಾತಿನ ಬೆನ್ನಿಗೇ ಎಲ್ಲವನ್ನೂ ಪರಿಶೋಧಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಎಂದಿದೆ. ನುಡಿದದ್ದು ವೇದವಾಕ್ಯಕ್ಕೆ ಒಪ್ಪುತ್ತದೆಯೇ? ಯೇಸುವನ್ನು ಮಹಿಮೆಪಡಿಸುತ್ತದೆಯೋ, ನುಡಿದವರನ್ನೋ? ಕೇಳಿದವರು ದೇವರ ಹತ್ತಿರ ಬಂದರೋ, ಹೆದರಿ ನುಡಿದವರ ಹಿಂದೆ ಬಿದ್ದರೋ? “ಆತ್ಮನು ಮೇಲೆ ಬಂದಾಗ ನನ್ನನ್ನು ನಾನು ತಡೆದುಕೊಳ್ಳಲಾರೆ” ಎಂಬ ಮಾತನ್ನು ಪೌಲ ಒಪ್ಪುವುದಿಲ್ಲ. ಪ್ರವಾದಿಗಳ ಆತ್ಮಗಳು ಪ್ರವಾದಿಗಳ ಸ್ವಾಧೀನದಲ್ಲಿವೆ. ಕುಳಿತಿರುವ ಮತ್ತೊಬ್ಬನಿಗೆ ಪ್ರಕಟಣೆ ಬಂದರೆ ಮೊದಲಿನವನು ಸುಮ್ಮನಾಗಬೇಕು ಎಂದು ಕೊರಿಂಥದವರಿಗೆ ಬರೆದ ಪತ್ರದ ಅದೇ 14ನೆಯ ಅಧ್ಯಾಯ ಹೇಳುತ್ತದೆ. ಮೈಕ್ ಕೈಗೆ ಬಂದ ಮೇಲೆ ಬಿಡಲೊಲ್ಲದವರು ಆ 30ನೆಯ ವಚನವನ್ನು ಬಾಯಿಪಾಠ ಮಾಡಬೇಕು.

ಹಣದ ಪ್ರಶ್ನೆಯೂ ಹಳೆಯದೇ. ಸಭೆಯ ಆದಿಕಾಲದ ‘ದಿದಖೆ’ ಎಂಬ ಕೈಪಿಡಿಯಲ್ಲಿ ಊರೂರು ತಿರುಗುವ ಅಪೊಸ್ತಲರನ್ನೂ ಪ್ರವಾದಿಗಳನ್ನೂ ಗುರುತಿಸುವ ನಿಯಮಗಳಿವೆ. ಬಂದ ಅಪೊಸ್ತಲನು ಮೂರು ದಿನ ಉಳಿದುಕೊಂಡರೆ ಅವನು ಸುಳ್ಳು ಪ್ರವಾದಿ. ಆತ್ಮದಲ್ಲಿ ಮಾತಾಡುತ್ತಾ ತನಗೆ ಹಣ ಕೊಡಿ ಎಂದವನ ಮಾತು ಕೇಳಬೇಡಿ. ಬಡವರಿಗೆ ಕೊಡಿ ಎಂದರೆ ಅವನನ್ನು ತೀರ್ಪುಮಾಡಬೇಡಿ. ಕಾಣಿಕೆಯ ಮೊತ್ತ ಹೇಳಿ ಪ್ರವಾದನೆ ನುಡಿಯುವ ಕೂಟಗಳ ಬಾಗಿಲಲ್ಲಿ ಇದನ್ನು ಬರೆದು ತೂಗುಹಾಕಬೇಕು ಎನಿಸುತ್ತದೆ.

ನುಡಿದದ್ದು ತಪ್ಪಾದರೆ? ಎಲ್ಲರ ಮುಂದೆ ನುಡಿದಿದ್ದರೆ ಎಲ್ಲರ ಮುಂದೆ, ಒಬ್ಬರಿಗೆ ನುಡಿದಿದ್ದರೆ ಅವರ ಮನೆಗೆ ಹೋಗಿ, “ನಾನು ಹೇಳಿದ್ದು ದೇವರಿಂದ ಬಂದದ್ದಲ್ಲ, ಕ್ಷಮಿಸಿ” ಎನ್ನಬೇಕು. “ನಿಮ್ಮ ನಂಬಿಕೆ ಸಾಲಲಿಲ್ಲ” ಎಂದು ಕೇಳಿದವರ ತಲೆಗೆ ಕಟ್ಟುವುದು ದೊಡ್ಡ ಅನ್ಯಾಯ. ಹಾಗೆ ಕ್ಷಮೆ ಕೇಳಿದವರನ್ನು ಸಭೆ ಕೆಲಕಾಲ ಸುಮ್ಮನೆ ಕೇಳುತ್ತಾ ಕುಳಿತಿರಲು ಹೇಳಬಹುದು. ಆದರೆ ಹೊರಗೆ ಅಟ್ಟಬಾರದು.