ಎದೆ ಹೊಡೆದುಕೊಳ್ಳುವಾಗಲೇ ಇಸಿಜಿ ತೆಗೆಸಿ

2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಹಬ್ಬಿದ ಮೇಲೆ, ಎದೆ ಸ್ವಲ್ಪ ಡವಡವ ಅಂದರೂ ಜನ ಗಾಬರಿಯಾಗಿ ನಮ್ಮಂಥ ಹೃದಯದ ಡಾಕ್ಟರ ಹತ್ತಿರ ಬರುತ್ತಾರೆ. ಕೆಲವರದು ರಕ್ತನಾಳದ ತೊಂದರೆಯೇ ಅಲ್ಲ, ಬಡಿತ ನಡೆಸುವ ಹೃದಯದ ಕರೆಂಟಿನದು. ಅದರಲ್ಲೊಂದು ಎಸ್‌ವಿಟಿ (ಸುಪ್ರಾವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ), ಅಂದರೆ ಕರೆಂಟು ಅಡ್ಡದಾರಿ ಹಿಡಿದು ಬಡಿತ ಏಕಾಏಕಿ ಏರುವುದು.

ಸುಮ್ನೆ ಕೂತಿದ್ದಾಗಲೇ, ಸ್ವಿಚ್ ಹಾಕಿದ ಹಾಗೆ ಎದೆ ಹೊಡೆದುಕೊಳ್ಳಲು ಶುರು. ನಿಮಿಷಕ್ಕೆ 150ರಿಂದ 220 ಬಡಿತ. ನಿಲ್ಲುವುದೂ ಹಾಗೇ, ಥಟ್ಟಂತ. ಮೂಡಿಗೆರೆಯ ತೋಟದಿಂದ ಹಾಸನ ತಲುಪುವಷ್ಟರಲ್ಲಿ ಎಲ್ಲ ಸರಿಹೋಗಿರುತ್ತದೆ. ಇಸಿಜಿ ನಾರ್ಮಲ್! ಗ್ಯಾಸ್ ಅಂತಲೋ ಟೆನ್ಷನ್ ಅಂತಲೋ ಮಾತ್ರೆ ಕೊಟ್ಟು ಕಳಿಸುತ್ತಾರೆ. ಹೆಂಗಸರಾದರಂತೂ ಟೆನ್ಷನ್ನೇ. ಹೀಗೆ ವರ್ಷಗಟ್ಟಲೆ ಅಲೆದವರಿದ್ದಾರೆ.

ಅದಕ್ಕೇ, ಎದೆ ಹೊಡೆದುಕೊಳ್ಳುತ್ತಿರುವಾಗಲೇ ಹತ್ತಿರದ ಯಾವುದಾದರೂ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿ. ಮೊಬೈಲಲ್ಲಿ ಅದರ ಫೋಟೊ ಇಟ್ಟುಕೊಳ್ಳಿ, ಆ ಹಾಳೆ ಬೇಗ ಮಾಸಿಹೋಗುತ್ತೆ. ದುಬಾರಿ ಸ್ಕ್ಯಾನ್‌ಗಿಂತ ನನಗೆ ಅದೇ ಜಾಸ್ತಿ ಉಪಯೋಗ. ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ಮಾತ್ರ ತಡಮಾಡದೆ 108ಕ್ಕೆ ಫೋನ್ ಮಾಡಿ.

ಇದಕ್ಕೆ ಅಬ್ಲೇಷನ್ ಅನ್ನೋ ಚಿಕಿತ್ಸೆ ಇದೆ, ತೊಂದರೆ ಕೊಡುವ ಜಾಗವನ್ನು ಸುಡುವುದು. ಅಬ್ಲೇಷನ್ ಅಂದರೆ ಎದೆ ಕೊಯ್ಯುತ್ತಾರೆ ಅಂತ ಹೆದರುವವರೇ ಹೆಚ್ಚು. ಕೊಯ್ಯುವುದೇನೂ ಇಲ್ಲ. ತೊಡೆಸಂದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅಲ್ಲಿನ ರಕ್ತನಾಳದಿಂದ ತೆಳು ಕ್ಯಾತಿಟರ್‌ಗಳನ್ನು (ತಂತಿಯಂಥ ನಳಿಕೆಗಳನ್ನು) ಹೃದಯದೊಳಕ್ಕೆ ಕಳಿಸುತ್ತೇವೆ. ಸಾಮಾನ್ಯವಾಗಿ ರೋಗಿಗೆ ಎಚ್ಚರ ಇರುತ್ತದೆ. ಆಮೇಲೆ ಬೇಕಂತಲೇ ಆ ಬಡಿತ ಶುರುಮಾಡಿಸುತ್ತೇವೆ. "ಇದೇ ಸಾರ್, ಇದೇ ಆಗೋದು ನಂಗೆ!" ಅಂತ ಮಲಗಿದಲ್ಲಿಂದಲೇ ಹೇಳುತ್ತಾರೆ. ಕರೆಂಟು ಯಾವ ಅಡ್ಡದಾರಿಯಲ್ಲಿ ಸುತ್ತು ಹೊಡೆಯುತ್ತಿದೆ ಅಂತ ಹುಡುಕಿ, ಕ್ಯಾತಿಟರ್ ತುದಿಯಿಂದ ಕೆಲವೇ ಮಿಲಿಮೀಟರ್ ಜಾಗ ಸುಡುತ್ತೇವೆ. 50-60 ಡಿಗ್ರಿ ಶಾಖ, ಒಂದು ನಿಮಿಷದಷ್ಟು ಹೊತ್ತು. ಮತ್ತೆ ಬಡಿತ ಎಬ್ಬಿಸಲು ನೋಡುತ್ತೇವೆ. ಏಳದಿದ್ದರೆ ಕೆಲಸ ಆಯ್ತು.

ಸಾಮಾನ್ಯವಾಗಿ ಕಾಣುವ ಎಸ್‌ವಿಟಿಯಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಗುಣವಾಗುತ್ತದೆ. ಅಪಾಯವೇ ಇಲ್ಲ ಅನ್ನಲಾರೆ. ಸುಡುವ ಜಾಗ ಎಷ್ಟೋ ಸಲ ಮುಖ್ಯ ಕರೆಂಟು ದಾರಿಯ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಪೆಟ್ಟಾಗಿ ನೂರರಲ್ಲಿ ಒಬ್ಬರಿಗೆ, ಅಥವಾ ಅದಕ್ಕೂ ಕಡಿಮೆ ಜನಕ್ಕೆ, ಬಡಿತ ಕಾಯುವ ಯಂತ್ರ ಪೇಸ್‌ಮೇಕರ್ ಬೇಕಾಗಬಹುದು. ಆದರೂ ಇಪ್ಪತ್ತು ವರ್ಷದ ಹುಡುಗಿಗೆ ಜೀವಮಾನವಿಡೀ ಮಾತ್ರೆ ನುಂಗಿಸುವುದಕ್ಕಿಂತ ಇದೇ ವಾಸಿ ಅಲ್ವಾ?

ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಏಟ್ರಿಯಲ್ ಫಿಬ್ರಿಲೇಷನ್‌ನ (ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಅದುರುವುದು) ಲೆಕ್ಕವೇ ಬೇರೆ. ಅಲ್ಲಿ ಸುಡಬೇಕಾದ ಜಾಗ ಜಾಸ್ತಿ, ತೊಂದರೆ ಮರುಕಳಿಸುವುದೂ ಜಾಸ್ತಿ. ಅಬ್ಲೇಷನ್ ಆಯ್ತಲ್ಲ ಅಂತ ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಟ್ಟಿರುವ, ರಕ್ತ ತೆಳುಮಾಡುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಎಸ್‌ವಿಟಿಯವರು ಹೆಚ್ಚಾಗಿ ಮಾರನೇ ದಿನವೇ ಮನೆಗೆ ಹೋಗುತ್ತಾರೆ. ಕಾಫಿ ಮೂಟೆ ಎತ್ತುವುದೊಂದು ವಾರದ ಮಟ್ಟಿಗೆ ಬೇಡ.